ಮನೆಮಂದಿಯೆಲ್ಲ ಕೂಡಿ ನೋಡಬಹುದಾದ ಹಿಂದಿ ವೆಬ್ ಸರಣಿಗಳು

ದೂರದರ್ಶನವು ನಮ್ಮ ಮನೆಗಳನ್ನು ಪ್ರವೇಶಿಸಿದ ಕಾಲದಲ್ಲಿ ಒಂದು ಓಣಿಗೆ ಒಂದೋ ಎರಡೋ ಟಿ.ವಿ. ಪೆಟ್ಟಿಗೆಗಳಿದ್ದವು. 1987ರ ಜನವರಿ 25ರಂದು ಆರಂಭವಾದ ‘ರಾಮಾಯಣ’ವನ್ನೂ, 1988ರ ಅಕ್ಟೋಬರ್ 2ರಿಂದ ಪ್ರಸಾರವಾದ ‘ಮಹಾಭಾರತ’ವನ್ನೂ ರವಿವಾರ ಮುಂಜಾನೆ ನೆರೆಹೊರೆಯವರೆಲ್ಲ ಒಂದೇ ಪಡಸಾಲೆಯಲ್ಲಿ ಕುಳಿತು ನೋಡಿದ ನೆನಪು ಹಿರಿಯರಲ್ಲಿ ಇಂದಿಗೂ ಹಸಿರಾಗಿದೆ. ಅದೇ ಕಾಲದ ‘ಮಾಲ್ಗುಡಿ ಡೇಸ್’ ಭಾಷೆಯಿಂದ ಹಿಂದಿಯಾದರೂ ಮಣ್ಣಿನಿಂದ ನಮ್ಮದೇ. ನಿರ್ದೇಶಿಸಿದವರು ಶಂಕರನಾಗ್, ಚಿತ್ರೀಕರಣ ನಡೆದದ್ದು ಆಗುಂಬೆಯಲ್ಲಿ, ಬಾಲಕ ಸ್ವಾಮಿಯ ತಂದೆಯಾಗಿ ಕಾಣಿಸಿಕೊಂಡವರು ಧಾರವಾಡದ ನೀರು ಕುಡಿದು ಬೆಳೆದ ಗಿರೀಶ ಕಾರ್ನಾಡರು. ಹಿಂದಿ ಅಷ್ಟಾಗಿ ಬಾರದ ಅಜ್ಜಿಯರಿಗೂ ಆ ಕಥೆಗಳು ಅರ್ಥವಾಗುತ್ತಿದ್ದವು, ಏಕೆಂದರೆ ಪಕ್ಕದಲ್ಲಿ ಕುಳಿತ ಮೊಮ್ಮಕ್ಕಳು ಅರ್ಥ ಹೇಳುತ್ತಿದ್ದರು.

ಇಂದು ಪರದೆಗಳು ಹೆಚ್ಚಾಗಿವೆ, ಪಕ್ಕದಲ್ಲಿ ಕುಳಿತುಕೊಳ್ಳುವವರು ಕಡಿಮೆಯಾಗಿದ್ದಾರೆ. ನಮ್ಮ ಬೆಂಗೇರಿಯ ಯಾವ ಓಣಿಯಲ್ಲಿ ನೋಡಿದರೂ ಇದೇ ಸ್ಥಿತಿ. ಸಂಜೆಯ ಪೂಜೆ, ಪ್ರಸಾದಗಳು ಮುಗಿದ ಮೇಲೆ ಮಗ ಮಾಳಿಗೆಯ ಮೇಲೆ ಮೊಬೈಲ್ ಹಿಡಿದಿರುತ್ತಾನೆ, ಮಗಳು ಕೋಣೆಯಲ್ಲಿ, ತಂದೆ ಕಟ್ಟೆಯ ಮೇಲೆ, ತಾಯಿ ಅಡುಗೆಮನೆಯಲ್ಲಿ. ಒಂದೇ ಸೂರಿನಡಿ ನಾಲ್ಕು ಕಥೆಗಳು ನಡೆಯುತ್ತವೆ. ಯಾರು ಏನು ನೋಡಿದರೆಂಬುದು ಇನ್ನೊಬ್ಬರಿಗೆ ತಿಳಿಯದು. ಮೊಬೈಲನ್ನು ಕಸಿದುಕೊಳ್ಳುವುದರಿಂದ ಈ ಸಮಸ್ಯೆ ಪರಿಹಾರವಾಗುವುದಿಲ್ಲ. ಒಳ್ಳೆಯದನ್ನು ಆಯ್ದು, ಮನೆಮಂದಿಯೆಲ್ಲ ವಾರಕ್ಕೆ ಎರಡು ಮೂರು ಸಂಜೆ ಒಂದೆಡೆ ಕುಳಿತು ನೋಡುವ ರೂಢಿಯನ್ನು ಮರಳಿ ತರುವುದು ಸಾಧ್ಯ ಎಂಬುದು ನಮ್ಮ ನಂಬಿಕೆ. ಆ ಆಯ್ಕೆಗೆ ನೆರವಾಗಲೆಂದು ಜನಪ್ರಿಯ ಹಿಂದಿ ವೆಬ್ ಸರಣಿಗಳಲ್ಲಿ ಕೆಲವನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ವೆಬ್ ಸರಣಿ ಬಂದ ಬಗೆ

ಟಿ.ವಿ. ಧಾರಾವಾಹಿಗೆ ನಿಗದಿತ ವೇಳೆಯಿದೆ. ವೆಬ್ ಸರಣಿಯಾದರೋ ಅಂತರ್ಜಾಲದಲ್ಲಿರುತ್ತದೆ. ಬೇಕಾದಾಗ ಬೇಕಾದಷ್ಟು ನೋಡಬಹುದು. ಹಿಂದಿಯಲ್ಲಿ ಈ ಪ್ರಕಾರವು ಜನರ ಗಮನ ಸೆಳೆದದ್ದು 2014ರಲ್ಲಿ, ಟಿ.ವಿ.ಎಫ್. ಎಂಬ ತರುಣರ ಸಂಸ್ಥೆಯು ಯೂಟ್ಯೂಬಿನಲ್ಲಿ ತಂದ ‘ಪರ್ಮನೆಂಟ್ ರೂಮ್‌ಮೇಟ್ಸ್’ ಮೂಲಕ. 2016ರಲ್ಲಿ ನೆಟ್‌ಫ್ಲಿಕ್ಸ್ ಹಾಗೂ ಅಮೆಜಾನ್ ಪ್ರೈಮ್ ಭಾರತಕ್ಕೆ ಬಂದವು. ಅದೇ ವರ್ಷ ಮೊಬೈಲ್ ಡೇಟಾ ಅಗ್ಗವಾಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಮನೆಯೊಳಗೆ ಕುಳಿತುಕೊಳ್ಳಬೇಕಾಗಿ ಬಂದಾಗ, ಅದುವರೆಗೆ ತರುಣರ ಗೀಳಾಗಿದ್ದ ಈ ಸರಣಿಗಳು ಹಿರಿಯರ ಕಣ್ಣಿಗೂ ಬಿದ್ದವು.

ಹಳ್ಳಿಯ ಕಥೆ: ‘ಪಂಚಾಯತ್’

ಒಂದೇ ಸರಣಿಯನ್ನು ಹೆಸರಿಸಿರೆಂದರೆ ನಾವು ‘ಪಂಚಾಯತ್’ ಎನ್ನುತ್ತೇವೆ. ಅಮೆಜಾನ್ ಪ್ರೈಮ್‌ನಲ್ಲಿ 2020ರ ಏಪ್ರಿಲ್‌ನಲ್ಲಿ ಇದರ ಮೊದಲ ಭಾಗ ಬಂದಿತು. ಮುಂದಿನ ಭಾಗಗಳು 2022, 2024 ಮತ್ತು 2025ರಲ್ಲಿ ಬಂದವು. ಬರೆದವರು ಚಂದನ್ ಕುಮಾರ್, ನಿರ್ದೇಶಿಸಿದವರು ದೀಪಕ್ ಕುಮಾರ್ ಮಿಶ್ರಾ. ಇಂಜಿನಿಯರಿಂಗ್ ಮುಗಿಸಿದ ಅಭಿಷೇಕ್ ತ್ರಿಪಾಠಿ ಎಂಬ ತರುಣನಿಗೆ ಬೇರೆ ನೌಕರಿ ಸಿಗದೆ, ಉತ್ತರ ಪ್ರದೇಶದ ಬಲಿಯಾ ಜಿಲ್ಲೆಯ ಫುಲೇರಾ ಎಂಬ ಕಲ್ಪಿತ ಹಳ್ಳಿಯಲ್ಲಿ ತಿಂಗಳಿಗೆ 20,000 ರೂಪಾಯಿ ಸಂಬಳದ ಪಂಚಾಯತಿ ಕಾರ್ಯದರ್ಶಿಯ ಕೆಲಸ ದೊರೆಯುತ್ತದೆ. ಇಲ್ಲಿಂದ ಪಾರಾದರೆ ಸಾಕೆಂದು ರಾತ್ರಿಯೆಲ್ಲ ಪರೀಕ್ಷೆಗೆ ಓದುವ ಆತನನ್ನು ಹಳ್ಳಿಯು ನಿಧಾನವಾಗಿ ತನ್ನವನನ್ನಾಗಿ ಮಾಡಿಕೊಳ್ಳುತ್ತದೆ. ಮನಸ್ಸಿಲ್ಲದೆ ಹಿಡಿದ ಕೆಲಸವು ಕಾಯಕವಾಗುವ ಬಗೆಯನ್ನು ಇಷ್ಟು ಹಗುರವಾಗಿ, ಇಷ್ಟು ಸಹಜವಾಗಿ ಹೇಳಿದ ಕಥೆ ವಿರಳ. ಜಿತೇಂದ್ರ ಕುಮಾರ್, ರಘುವೀರ್ ಯಾದವ್, ನೀನಾ ಗುಪ್ತಾ, ಫೈಸಲ್ ಮಲಿಕ್, ಚಂದನ್ ರಾಯ್ ಇವರ ಅಭಿನಯವು ಅಭಿನಯವೆಂದೇ ತೋರುವುದಿಲ್ಲ.

ಈ ಊರಿನ ಚುನಾಯಿತ ಅಧ್ಯಕ್ಷೆ ಮಂಜುದೇವಿ. ಆದರೆ ಅಧಿಕಾರ ನಡೆಸುವವನು ಆಕೆಯ ಗಂಡ. ಈ ಚಿತ್ರವು ನಮಗೆ ಅಪರಿಚಿತವಲ್ಲ. ಕರ್ನಾಟಕವು 1983ರ ಕಾಯಿದೆಯಲ್ಲಿಯೇ ಮಂಡಲ ಪಂಚಾಯತಿಗಳಲ್ಲಿ ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನಗಳನ್ನು ಮೀಸಲಿರಿಸಿ ದೇಶಕ್ಕೆ ದಾರಿ ತೋರಿಸಿತ್ತು. ರಾಮಕೃಷ್ಣ ಹೆಗಡೆಯವರ ಸರಕಾರ ಹಾಗೂ ‘ನೀರ್ ಸಾಬ’ರೆಂದೇ ಹೆಸರಾದ ಸಚಿವ ಅಬ್ದುಲ್ ನಜೀರ್ ಸಾಬರು ಅದನ್ನು 1987ರಲ್ಲಿ ಚುನಾವಣೆ ನಡೆಸಿ ಕಾರ್ಯರೂಪಕ್ಕೆ ತಂದರು. 1993ರಲ್ಲಿ ಜಾರಿಗೆ ಬಂದ 73ನೆಯ ಸಂವಿಧಾನ ತಿದ್ದುಪಡಿಯು ದೇಶಕ್ಕೆಲ್ಲ ಮೂರನೆಯ ಒಂದರಷ್ಟು ಮೀಸಲಾತಿಯನ್ನು ಕೊಟ್ಟಿತು. 2010ರಲ್ಲಿ ನಮ್ಮ ರಾಜ್ಯವು ಅದನ್ನು ಶೇಕಡಾ 50ಕ್ಕೆ ಏರಿಸಿತು. ಕಾನೂನು ಕುರ್ಚಿಯನ್ನು ಕೊಡಬಲ್ಲದು. ಕುರ್ಚಿಯಲ್ಲಿ ಕುಳಿತು ಮಾತನಾಡುವ ಧೈರ್ಯವು ಮನೆಯಿಂದಲೇ ಬರಬೇಕು. ನಮ್ಮ ತಾಯಂದಿರು, ಸೊಸೆಯಂದಿರು ಈ ಸರಣಿಯನ್ನು ಗಂಡಸರ ಜೊತೆಯಲ್ಲಿಯೇ ನೋಡಬೇಕೆಂದು ನಾವು ಬಯಸುವುದು ಇದೇ ಕಾರಣಕ್ಕೆ.

ಮೊದಲ ಭಾಗದ ಕೊನೆಯ ಕಂತು ಬೆಂಗೇರಿಯವರಿಗೆ ವಿಶೇಷವಾಗಿ ಮೆಚ್ಚುಗೆಯಾದೀತು. ಗಣರಾಜ್ಯೋತ್ಸವದಂದು ಧ್ವಜವನ್ನು ಗಂಡನ ಬದಲು ಅಧ್ಯಕ್ಷೆಯೇ ಹಾರಿಸಬೇಕು, ರಾಷ್ಟ್ರಗೀತೆಯನ್ನೂ ಹಾಡಬೇಕು ಎಂಬ ಸಂದರ್ಭ ಒದಗುತ್ತದೆ. ಅದನ್ನು ಕಲಿಯಲು ಮಂಜುದೇವಿ ಪಡುವ ಪಾಡು ನಗೆ ತರಿಸುತ್ತದೆ, ಕೊನೆಗೆ ಹೆಮ್ಮೆಯನ್ನೂ ತರಿಸುತ್ತದೆ. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಬೆಂಗೇರಿಯ ಘಟಕದಲ್ಲಿ, ಬಾಗಲಕೋಟೆ ಜಿಲ್ಲೆಯಲ್ಲಿ ನೇಯ್ದ ಖಾದಿ ಬಟ್ಟೆಗೆ ಬಣ್ಣ ಹಾಕಿ, ಅಶೋಕ ಚಕ್ರ ಮುದ್ರಿಸಿ, ಹೊಲಿದು, ಭಾರತೀಯ ಮಾನಕ ಬ್ಯೂರೋದ ಮಾನದಂಡಕ್ಕೆ ಅನುಗುಣವಾಗಿ ರಾಷ್ಟ್ರಧ್ವಜವನ್ನು ಸಿದ್ಧಪಡಿಸುತ್ತಾರೆ. ಈ ಕೆಲಸದಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಧ್ವಜವನ್ನು ಹೊಲಿಯುವ ಹೆಣ್ಣುಮಕ್ಕಳ ಊರಿನಲ್ಲಿ ಕುಳಿತು, ಧ್ವಜವನ್ನು ಹಾರಿಸಲು ಮೊದಲ ಬಾರಿ ಕೈಚಾಚುವ ಹೆಣ್ಣುಮಗಳ ಕಥೆಯನ್ನು ನೋಡುವುದು ಬೇರೆಯದೇ ಅನುಭವ. ಎರಡನೆಯ ಭಾಗದ ಕೊನೆಯಲ್ಲಿ ಹಳ್ಳಿಯ ಸೈನಿಕನೊಬ್ಬನ ಪಾರ್ಥಿವ ಶರೀರವು ತ್ರಿವರ್ಣವನ್ನು ಹೊದ್ದು ಬರುತ್ತದೆ. ಹಾಗೆ ಹೊದಿಸುವ 6 ಅಡಿ ಉದ್ದ, 4 ಅಡಿ ಅಗಲದ ಧ್ವಜವು ಮಾನಕ ನಿಗದಿಪಡಿಸಿದ ಒಂಬತ್ತು ಅಳತೆಗಳಲ್ಲಿ ಒಂದು. ಆ ಬಟ್ಟೆಯ ಬೆಲೆಯನ್ನು ರೂಪಾಯಿಯಲ್ಲಿ ಎಣಿಸಲಾಗದೆಂಬುದನ್ನು ಮಕ್ಕಳಿಗೆ ತಿಳಿಸಲು ಆ ಕಂತು ಸಾಕು.

2023ರಲ್ಲಿ ಗೋವೆಯ ಭಾರತೀಯ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವವು ವೆಬ್ ಸರಣಿಗಾಗಿ ಮೊದಲ ಬಾರಿ ಪ್ರಶಸ್ತಿಯನ್ನು ಆರಂಭಿಸಿದಾಗ, ಅದು ‘ಪಂಚಾಯತ್’ನ ಎರಡನೆಯ ಭಾಗಕ್ಕೇ ಸಂದಿತು. ಅಲ್ಲಲ್ಲಿ ಬೈಗುಳದ ಮಾತುಗಳು ಬರುತ್ತವೆಂಬುದನ್ನು ಮಾತ್ರ ಹಿರಿಯರು ಗಮನಿಸಬೇಕು.

ಮನೆಯ ಕಥೆ: ‘ಗುಲ್ಲಕ್’

‘ಗುಲ್ಲಕ್’ ಎಂದರೆ ನಾವು ಗೋಲಕ ಎನ್ನುವ, ಚಿಲ್ಲರೆ ಹಾಕಿಡುವ ಮಣ್ಣಿನ ಕುಡಿಕೆ. ಮಿಶ್ರಾ ಕುಟುಂಬದ ಕಥೆಯನ್ನು ಆ ಕುಡಿಕೆಯೇ ಹೇಳುತ್ತದೆ. ವಿದ್ಯುತ್ ಇಲಾಖೆಯ ನೌಕರ ಸಂತೋಷ, ಆತನ ಹೆಂಡತಿ ಶಾಂತಿ, ಮಕ್ಕಳಾದ ಅನ್ನು ಮತ್ತು ಅಮನ್ ಇವರ ಬಾಳಿನಲ್ಲಿ ಕೊಲೆಯಿಲ್ಲ, ಪಿತೂರಿಯಿಲ್ಲ, ಅತ್ತೆ-ಸೊಸೆಯರ ವಿಷದ ಬಟ್ಟಲಿಲ್ಲ. ನೆರೆಮನೆಯಾಕೆಯ ಚಾಡಿ, ಮಗನ ನೌಕರಿಯ ಚಿಂತೆ, ಮನೆಯ ಖರ್ಚಿನ ಲೆಕ್ಕ ಇವಿಷ್ಟೇ ಕಥಾವಸ್ತು. 2019ರಲ್ಲಿ ಆರಂಭವಾಗಿ 2024ರ ಹೊತ್ತಿಗೆ ನಾಲ್ಕು ಭಾಗಗಳನ್ನು ಕಂಡ ಈ ಸರಣಿಯಲ್ಲಿ ಭಾಗಕ್ಕೆ ಐದೇ ಕಂತುಗಳು. ಸೋನಿಲಿವ್‌ನಲ್ಲಿ ದೊರೆಯುತ್ತದೆ. ಜಮೀಲ್ ಖಾನ್ ಮತ್ತು ಗೀತಾಂಜಲಿ ಕುಲಕರ್ಣಿಯವರು ದಂಪತಿಗಳಾಗಿ ಜಗಳಾಡುವುದನ್ನು ನೋಡುವಾಗ ನಮ್ಮ ಮನೆಯ ಮಾತುಗಳೇ ಕಿವಿಗೆ ಬಿದ್ದಂತಾಗುತ್ತದೆ. ಅಜ್ಜ-ಅಜ್ಜಿಯಿಂದ ಹಿಡಿದು ಶಾಲೆಯ ಮಕ್ಕಳವರೆಗೆ ಎಲ್ಲರೂ ಕೂಡಿ ನೋಡುವ ರೂಢಿಯನ್ನು ಆರಂಭಿಸುವುದಾದರೆ ಇದರಿಂದಲೇ ಆರಂಭಿಸಬಹುದು.

ವಿದ್ಯಾರ್ಥಿಗಳಿರುವ ಮನೆಗೆ: ‘ಕೋಟಾ ಫ್ಯಾಕ್ಟರಿ’

ರಾಜಸ್ಥಾನದ ಕೋಟಾ ಪಟ್ಟಣವು ಐ.ಐ.ಟಿ. ಹಾಗೂ ವೈದ್ಯಕೀಯ ಪ್ರವೇಶ ಪರೀಕ್ಷೆಗಳ ತರಬೇತಿಗೆ ಹೆಸರಾದದ್ದು. ಅಲ್ಲಿಗೆ ಬಂದ ವೈಭವನೆಂಬ ಹುಡುಗನ ಕಥೆಯನ್ನು ರಾಘವ್ ಸುಬ್ಬು 2019ರಲ್ಲಿ ಕಪ್ಪು-ಬಿಳುಪಿನಲ್ಲಿಯೇ ಚಿತ್ರಿಸಿದರು. ಆ ಮಕ್ಕಳ ದಿನಗಳಿಗೆ ಬಣ್ಣವಿಲ್ಲವೆಂಬುದನ್ನು ಹೇಳಲು ಬೇರೆ ಮಾತು ಬೇಕಾಗಲಿಲ್ಲ. ಮುಂದಿನ ಭಾಗಗಳು 2021 ಮತ್ತು 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದವು. ಪಾಠ ಹೇಳುವ ‘ಜೀತೂ ಭೈಯಾ’ ಅಂಕಗಳಿಗಿಂತ ಹುಡುಗರ ಮನಸ್ಸನ್ನು ನೋಡುವ ಶಿಕ್ಷಕ.

ವಿದ್ಯಾಕಾಶಿಯೆಂದು ಹೆಸರಾದ ಧಾರವಾಡಕ್ಕೆ ಈ ಕಥೆ ದೂರದ್ದಲ್ಲ. ಸಪ್ತಾಪುರದ ರಸ್ತೆಗಳಲ್ಲಿ ಪುಸ್ತಕದ ಚೀಲ ಹೊತ್ತು, ಕೋಣೆ ಬಾಡಿಗೆ ಹಿಡಿದು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹಳ್ಳಿಯ ಮಕ್ಕಳನ್ನು ನಾವು ದಿನವೂ ಕಾಣುತ್ತೇವೆ. ಅವರ ತಂದೆತಾಯಂದಿರು ಹೊಲ ಅಡವಿಟ್ಟು ಹಣ ಕಳಿಸುವುದುಂಟು. ಆ ಋಣದ ಭಾರವನ್ನು ಮಗು ಹೇಗೆ ಹೊರುತ್ತದೆಂಬುದು ತಂದೆತಾಯಿಗೆ ಕಾಣುವುದಿಲ್ಲ. ಈ ಸರಣಿ ಅದನ್ನು ಕಾಣಿಸುತ್ತದೆ. ಎರಡನೆಯ ಭಾಗದ ಕೊನೆಯಲ್ಲಿ ಬರುವ ವಿದ್ಯಾರ್ಥಿನಿಯ ಸಾವಿನ ಸುದ್ದಿ ಎದೆಯನ್ನು ಕಲಕುತ್ತದೆ. ಆದುದರಿಂದ ಇದನ್ನು ಮಕ್ಕಳು ಒಬ್ಬರೇ ನೋಡುವಂತಾಗಬಾರದು. ಜೊತೆಗೆ ಕುಳಿತು ನೋಡಿ, ಮುಗಿದ ಮೇಲೆ “ನಿನಗೂ ಹೀಗೆ ಅನ್ನಿಸುತ್ತದೆಯೇನು?” ಎಂದು ಒಂದು ಮಾತು ಕೇಳಿರಿ, ಉತ್ತರ ಬರುವವರೆಗೆ ಸುಮ್ಮನಿರಿ. ಮಗುವಿನ ಮನಸ್ಸು ಕುಗ್ಗಿದೆಯೆಂದು ತೋರಿದರೆ ಕೇಂದ್ರ ಸರಕಾರದ ಟೆಲಿ-ಮಾನಸ ಸಹಾಯವಾಣಿ 14416ಕ್ಕೆ ಹಣವಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡುತ್ತಾರೆ. ಸರಣಿಯಲ್ಲಿ ಹುಡುಗರ ಒರಟು ಮಾತುಗಳಿವೆ. ಹೈಸ್ಕೂಲು ದಾಟಿದ ಮಕ್ಕಳಿಗೆ ತಕ್ಕುದು.

ಸಂಗೀತ: ‘ಬಂದಿಶ್ ಬ್ಯಾಂಡಿಟ್ಸ್’

ಅಮೆಜಾನ್ ಪ್ರೈಮ್‌ನಲ್ಲಿ 2020ರಲ್ಲಿ ಮೊದಲ ಭಾಗ, 2024ರಲ್ಲಿ ಎರಡನೆಯ ಭಾಗವಾಗಿ ಬಂದ ಈ ಸರಣಿಯು ಜೋಧಪುರದ ಕಠೋರ ಗಾಯಕ ಗುರು ಹಾಗೂ ಆತನ ಮೊಮ್ಮಗನ ಕಥೆ. ಗುರುವಿನ ಪಾತ್ರದಲ್ಲಿ ನಸೀರುದ್ದೀನ್ ಶಾಹ, ಮೊದಲ ಭಾಗದ ಸಂಗೀತ ಶಂಕರ್-ಎಹ್ಸಾನ್-ಲಾಯ್ ಅವರದು. ಶಾಸ್ತ್ರೀಯ ಗಾಯನ ಮತ್ತು ಹೊಸಕಾಲದ ಹಾಡು ಕೂಡಬಹುದೇ ಎಂಬುದು ಇದರ ಪ್ರಶ್ನೆ.

ಹುಬ್ಬಳ್ಳಿ-ಧಾರವಾಡದ ಶ್ರೋತೃವಿಗೆ ಇದನ್ನು ತೂಗಿ ನೋಡುವ ಅಧಿಕಾರವಿದೆ. ಕುಂದಗೋಳದ ಸವಾಯಿ ಗಂಧರ್ವರಿಂದ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಭೀಮಸೇನ ಜೋಶಿಯವರು ಗುರುವನ್ನು ಹುಡುಕುತ್ತ ಬಾಲ್ಯದಲ್ಲಿಯೇ ಮನೆಬಿಟ್ಟು ಹೊರಟವರು. ಮಲ್ಲಿಕಾರ್ಜುನ ಮನಸೂರರು ಜೈಪುರ-ಅತ್ರೌಲಿ ಘರಾಣೆಯ ಕಠಿಣ ರಾಗಗಳನ್ನು ಸಾಧಿಸಿ, ಅದೇ ಕಂಠದಲ್ಲಿ ಶರಣರ ವಚನಗಳನ್ನು ಹಾಡಿದರು. ಇಂಥ ಬದುಕುಗಳನ್ನು ಬಲ್ಲವರಿಗೆ ಸರಣಿಯ ಗುರುಶಿಷ್ಯರ ನಾಟಕೀಯತೆ ತುಸು ಅತಿಯೆನಿಸಿದರೆ ಆಶ್ಚರ್ಯವಿಲ್ಲ. ಆದರೂ ರಿಯಾಜು, ಘರಾಣೆ, ಬಂದಿಶ್ ಎಂಬ ಶಬ್ದಗಳನ್ನು ಹೊಸ ತಲೆಮಾರಿನ ಕಿವಿಗೆ ಮುಟ್ಟಿಸಿದ ಶ್ರೇಯಸ್ಸು ಇದಕ್ಕೆ ಸಲ್ಲಬೇಕು. ಸರಣಿಯನ್ನು ನೋಡಿದ ಮರುದಿನ ಮನಸೂರರ ಒಂದು ಧ್ವನಿಮುದ್ರಿಕೆಯನ್ನು ಮನೆಯಲ್ಲಿ ಕೇಳಿಸಿದರೆ ಪಾಠ ಪೂರ್ಣವಾಗುತ್ತದೆ. ಪ್ರಣಯದ ದೃಶ್ಯಗಳೂ ಅಸಭ್ಯ ಮಾತುಗಳೂ ಇರುವುದರಿಂದ ಚಿಕ್ಕ ಮಕ್ಕಳೊಡನೆ ನೋಡುವಂಥದಲ್ಲ.

ನಡೆದ ಸಂಗತಿಗಳು: ಮೂರು ಸರಣಿಗಳು

‘ರಾಕೆಟ್ ಬಾಯ್ಸ್’ (ಸೋನಿಲಿವ್, 2022 ಮತ್ತು 2023) ಹೋಮಿ ಭಾಭಾ ಮತ್ತು ವಿಕ್ರಮ್ ಸಾರಾಭಾಯಿಯವರ ಸ್ನೇಹದ ಕಥೆ. ಎರಡನೆಯ ಮಹಾಯುದ್ಧದಿಂದಾಗಿ ಇಂಗ್ಲೆಂಡಿಗೆ ಮರಳಲಾಗದ ಇಬ್ಬರೂ ನೆಲೆ ಕಂಡದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸರ್ ಸಿ. ವಿ. ರಾಮನ್ನರ ಬಳಿಯಲ್ಲಿ. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಹಾರಿದ ಮೊದಲ ರಾಕೆಟ್ ಹಾಗೂ 1974ರ ಪೋಖರಣ್ ಪರೀಕ್ಷೆಗಳು ಇದರಲ್ಲಿ ಬರುತ್ತವೆ. ನಿಜವಾದ ವ್ಯಕ್ತಿಗಳ ನಡುವೆ ಕಲ್ಪಿತ ಪಾತ್ರಗಳೂ ಸೇರಿವೆಯಾದುದರಿಂದ ಇದನ್ನು ಇತಿಹಾಸದ ಪಠ್ಯವೆಂದು ತಿಳಿಯಬಾರದು. ಇತಿಹಾಸವನ್ನು ಓದುವ ಆಸೆ ಹುಟ್ಟಿಸುವ ಕಥೆಯೆಂದು ನೋಡಬೇಕು.

‘ದಿ ರೈಲ್ವೇ ಮೆನ್’ (ನೆಟ್‌ಫ್ಲಿಕ್ಸ್, 2023) ನಾಲ್ಕೇ ಕಂತುಗಳದ್ದು. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರಖಾನೆಯಿಂದ ವಿಷಾನಿಲ ಸೋರಿದಾಗ, ರೈಲುನಿಲ್ದಾಣದ ಸಿಬ್ಬಂದಿ ತಮ್ಮ ಪ್ರಾಣವನ್ನು ಲೆಕ್ಕಿಸದೆ ಸಾವಿರಾರು ಪ್ರಯಾಣಿಕರನ್ನು ಉಳಿಸಿದ ಘಟನೆಯೇ ಇದಕ್ಕೆ ಆಧಾರ. ಅಂದು ಕರ್ತವ್ಯದಲ್ಲಿದ್ದ ಉಪ ಸ್ಟೇಷನ್ ಅಧೀಕ್ಷಕ ಗುಲಾಮ್ ದಸ್ತಗೀರ್ ಅವರು, ನಿಂತಿದ್ದ ರೈಲನ್ನು ವೇಳೆಗೆ ಮೊದಲೇ ಹೊರಡಿಸಿ ಅದರಲ್ಲಿದ್ದವರನ್ನು ಸಾವಿನಿಂದ ಪಾರುಮಾಡಿದವರು. ಹುಬ್ಬಳ್ಳಿಯಾದರೋ ರೈಲಿನ ಊರು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿದೆ. ಸಿದ್ಧಾರೂಢರ ಹೆಸರಿನ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ, ಜಗತ್ತಿನಲ್ಲಿಯೇ ಅತಿ ಉದ್ದವೆನಿಸಿದ ಪ್ಲಾಟ್‌ಫಾರ್ಮ್ ಇದೆ. ರಾತ್ರಿಪಾಳಿಗೆ ಬುತ್ತಿ ಕಟ್ಟಿಕೊಡುವ ಮನೆಗಳಿಗೆ ಈ ಕಥೆಯ ಬೆಲೆಯನ್ನು ನಾವು ಹೇಳಬೇಕಾಗಿಲ್ಲ. ಸಾವಿನ ದೃಶ್ಯಗಳು ದಾರುಣವಾಗಿವೆ. ಎಳೆಯ ಮಕ್ಕಳು ಬೇಡ.

‘ಸ್ಕ್ಯಾಮ್ 1992’ (ಸೋನಿಲಿವ್, 2020) ಶೇರು ದಲ್ಲಾಳಿ ಹರ್ಷದ್ ಮೆಹತಾನ ಏಳುಬೀಳಿನ ಕಥೆ. ಹನ್ಸಲ್ ಮೆಹತಾ ಇದರ ನಿರ್ದೇಶಕರು, ಪ್ರತೀಕ್ ಗಾಂಧಿ ಮುಖ್ಯ ಪಾತ್ರಧಾರಿ. ಸರಕಾರಿ ಸಾಲಪತ್ರಗಳ ವ್ಯವಹಾರಕ್ಕೆಂದು ಬ್ಯಾಂಕುಗಳು ಕೊಟ್ಟ ಹಣವನ್ನು ಶೇರುಪೇಟೆಗೆ ಹರಿಸಿ, ಹುರುಳಿಲ್ಲದ ರಸೀದಿಗಳನ್ನು ತೋರಿಸಿ, ಬೆಲೆಯನ್ನು ಉಬ್ಬಿಸಿದ ವಿದ್ಯೆ ಅದು. ಪತ್ರಕರ್ತೆ ಸುಚೇತಾ ದಲಾಲ್ ಅವರು 1992ರ ಏಪ್ರಿಲ್‌ನಲ್ಲಿ ಅದನ್ನು ಬಯಲಿಗೆಳೆದರು. ಆಗ ಮುಳುಗಿದವರಲ್ಲಿ ಜೀವಮಾನದ ಗಳಿಕೆಯನ್ನು ಹೂಡಿದ ಮಧ್ಯಮ ವರ್ಗದವರು ಅನೇಕರು. ಮೊಬೈಲಿನಲ್ಲಿ ಬರುವ “ಹಣ ಇಮ್ಮಡಿ” ಎಂಬ ಸಂದೇಶಗಳನ್ನು ನಂಬಿ ಕೈಸುಟ್ಟುಕೊಳ್ಳುವವರು ಹೆಚ್ಚುತ್ತಿರುವ ಈ ದಿನಗಳಲ್ಲಿ, ನಮ್ಮ ವ್ಯಾಪಾರಸ್ಥ ಮನೆತನಗಳ ತರುಣರು ಇದನ್ನು ಎಚ್ಚರಿಕೆಯ ಗಂಟೆಯೆಂದು ನೋಡಬೇಕು. ಹರ್ಷದನ ಠೀವಿಗೆ ಮರುಳಾಗಬಾರದು.

ಹಿರಿಯರಿಗೆ ಮಾತ್ರ

‘ದಿಲ್ಲಿ ಕ್ರೈಮ್’ (ನೆಟ್‌ಫ್ಲಿಕ್ಸ್, 2019) 2012ರ ಡಿಸೆಂಬರ್ 16ರ ದಿಲ್ಲಿಯ ಅಮಾನುಷ ಕೃತ್ಯದ ತನಿಖೆಯನ್ನು ಹೇಳುತ್ತದೆ. 2020ರಲ್ಲಿ ಅಂತಾರಾಷ್ಟ್ರೀಯ ಎಮ್ಮಿ ಪ್ರಶಸ್ತಿಯನ್ನು ಉತ್ತಮ ನಾಟಕ ಸರಣಿಗಾಗಿ ಪಡೆದ ಮೊದಲ ಭಾರತೀಯ ಕೃತಿ ಇದು. ಅಪರಾಧವನ್ನು ರಂಜಿಸದೆ, ಅಪರಾಧಿಗಳನ್ನು ಹಿಡಿಯಲು ಹಗಲಿರುಳು ದುಡಿದ ಪೊಲೀಸರನ್ನು ತೋರಿಸಿರುವುದು ಇದರ ಹಿರಿಮೆ. ಶೆಫಾಲಿ ಶಾಹ ಅವರ ಅಭಿನಯ ಮರೆಯಲಾಗದ್ದು. ‘ದಿ ಫ್ಯಾಮಿಲಿ ಮ್ಯಾನ್’ (ಅಮೆಜಾನ್ ಪ್ರೈಮ್, 2019ರಿಂದ) ಗುಪ್ತಚರನೊಬ್ಬನ ಸಾಹಸದ ಕಥೆ. ದೇಶವನ್ನು ಕಾಯುತ್ತ ಮನೆಗೆ ವೇಳೆ ಕೊಡಲಾಗದ ಗೃಹಸ್ಥನ ಪಾತ್ರದಲ್ಲಿ ಮನೋಜ್ ಬಾಜಪೇಯಿ ಇದ್ದಾರೆ. ಎರಡರಲ್ಲಿಯೂ ಕಠೋರ ಮಾತು, ಹಿಂಸೆಗಳಿವೆ. ಮಕ್ಕಳು ಮಲಗಿದ ಮೇಲೆ ದೊಡ್ಡವರು ನೋಡತಕ್ಕವು.

ತಂದೆತಾಯಂದಿರು ತಿಳಿದಿರಬೇಕಾದದ್ದು

ವೆಬ್ ಸರಣಿಗಳಿಗೆ ಚಲನಚಿತ್ರಗಳಂತೆ ಸೆನ್ಸಾರ್ ಮಂಡಳಿಯ ಪರಿಶೀಲನೆಯಿಲ್ಲ. ಆದರೆ 2021ರ ಫೆಬ್ರುವರಿ 25ರಂದು ಕೇಂದ್ರ ಸರಕಾರ ಪ್ರಕಟಿಸಿದ ನಿಯಮಗಳ ಪ್ರಕಾರ ಪ್ರತಿಯೊಂದು ವೇದಿಕೆಯೂ ತನ್ನ ಕಾರ್ಯಕ್ರಮಗಳಿಗೆ ವಯಸ್ಸಿನ ಗುರುತನ್ನು ಹಾಕಲೇಬೇಕು. ‘ಯು’ ಎಂದರೆ ಎಲ್ಲರಿಗೆ. ‘ಯು/ಎ’ ಜೊತೆಗೆ 7, 13 ಅಥವಾ 16 ಎಂದಿದ್ದರೆ ಆ ವಯಸ್ಸಿಗಿಂತ ಚಿಕ್ಕವರು ಹಿರಿಯರ ಜೊತೆಯಲ್ಲಿ ಮಾತ್ರ. ‘ಎ’ ಎಂದರೆ ವಯಸ್ಕರಿಗೆ ಮಾತ್ರ. ಕಂತು ಆರಂಭವಾಗುವಾಗ ಪರದೆಯ ಮೂಲೆಯಲ್ಲಿ ಈ ಗುರುತು, ಹಿಂಸೆ ಅಥವಾ ಅಸಭ್ಯ ಭಾಷೆಯ ಸೂಚನೆಯೊಡನೆ ಕಾಣಿಸುತ್ತದೆ. 13 ಮತ್ತು ಅದಕ್ಕೆ ಮೇಲ್ಪಟ್ಟ ಗುರುತಿನವನ್ನು ಮಕ್ಕಳು ತೆರೆಯದಂತೆ ಬೀಗ ಹಾಕುವ ಅನುಕೂಲವನ್ನು ವೇದಿಕೆಗಳು ಒದಗಿಸಬೇಕೆಂದೂ ನಿಯಮವಿದೆ. ಚಂದಾ ಕಟ್ಟುವವರು ನಾವು. ಆ ಬೀಗದ ಕೈ ಮಗನ ಬಳಿ ಇರುವುದು ಬಹುಪಾಲು ಮನೆಗಳ ಸ್ಥಿತಿ. ಮಗನಿಂದಲೇ ಅದನ್ನು ಕಲಿತು, ಪಿನ್ನನ್ನು ತಾಯಿ ತನ್ನ ಬಳಿ ಇಟ್ಟುಕೊಳ್ಳಲಿ. ಮಕ್ಕಳಿಗೆ ಪ್ರತ್ಯೇಕ ಖಾತೆ ತೆರೆಯಲಿ. ಒಂದು ಕಂತು ಮುಗಿದೊಡನೆ ಇನ್ನೊಂದು ತಾನಾಗಿ ಆರಂಭವಾಗುವ ವ್ಯವಸ್ಥೆಯನ್ನು ನಿಲ್ಲಿಸಿಡಲಿ. ನಿದ್ದೆಗೆಡುವುದು ಹೆಚ್ಚಾಗಿ ಅದರಿಂದಲೇ. ಎಲ್ಲ ವೇದಿಕೆಗಳಿಗೂ ಒಮ್ಮೆಗೇ ಚಂದಾ ಕಟ್ಟದೆ, ಒಂದರಲ್ಲಿ ಬೇಕಾದುದನ್ನು ನೋಡಿ ಮುಗಿಸಿ ಇನ್ನೊಂದಕ್ಕೆ ಹೋಗುವುದು ಮಿತವ್ಯಯದ ದಾರಿ.

ಕನ್ನಡದ ಕೊರತೆ

ಇಷ್ಟು ಬರೆಯುವಾಗ ಒಂದು ನೋವು ನಮ್ಮನ್ನು ಕಾಡಿದೆ. ಈ ಪಟ್ಟಿಯಲ್ಲಿ ಕನ್ನಡದ ಸರಣಿಗಳು ಏಕಿಲ್ಲ? ಪ್ರತಿಭೆಯ ಕೊರತೆ ಕಾರಣವಲ್ಲ. ದೊಡ್ಡ ವೇದಿಕೆಗಳು ಕನ್ನಡದತ್ತ ತಡವಾಗಿ ಕಣ್ಣು ಹಾಯಿಸಿವೆ. ರಕ್ಷಿತ್ ಶೆಟ್ಟಿಯವರ ಸಂಸ್ಥೆಯ ಬೆಂಬಲದಿಂದ ಸಿದ್ಧವಾದ ‘ಏಕಂ’ ಸರಣಿಗೆ ವೇದಿಕೆ ದೊರೆಯದೆ, ನಿರ್ಮಾಪಕರು 2024ರಲ್ಲಿ ತಮ್ಮದೇ ಜಾಲತಾಣದಲ್ಲಿ ಅದನ್ನು ಬಿಡುಗಡೆ ಮಾಡಬೇಕಾಯಿತು. 2025ರಲ್ಲಿ ಜೀ5 ವೇದಿಕೆಯು ‘ಅಯ್ಯನ ಮನೆ’ಯನ್ನು ತಂದದ್ದು ಭರವಸೆಯ ಸಂಗತಿ. ಮೊದಲಿಗೆ ಹೆಸರಿಸಿದ ಮಾಲ್ಗುಡಿಯನ್ನು ದೇಶಕ್ಕೆ ಕೊಟ್ಟವರು ಕನ್ನಡಿಗರೇ. ಧ್ವಜ ಹೊಲಿಯುವ ಹೆಣ್ಣುಮಕ್ಕಳ, ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸಂಗೀತ ಕಲಿತ ಗಾಯಕಿಯ, ಸಪ್ತಾಪುರದ ಬಾಡಿಗೆ ಕೋಣೆಯ ಹುಡುಗನ ಕಥೆಗಳು ನಮ್ಮ ಸುತ್ತಲೇ ಇವೆ. ಕನ್ನಡದಲ್ಲಿ ಬಂದುದನ್ನು ಕೇಳಿ ನೋಡುವ ಮನೆಗಳು ಹೆಚ್ಚಾದರೆ ಅವನ್ನು ಮಾಡುವವರೂ ಮುಂದೆ ಬಂದಾರು.

ಅಲ್ಲಿಯವರೆಗೆ, ಮುಂದಿನ ಶನಿವಾರ ಸಂಜೆ ಮನೆಯ ಮೊಬೈಲುಗಳನ್ನೆಲ್ಲ ಒಂದು ಬುಟ್ಟಿಯಲ್ಲಿಟ್ಟು, ‘ಗುಲ್ಲಕ್’ನ ಒಂದೇ ಒಂದು ಕಂತನ್ನು ಟಿ.ವಿ.ಯಲ್ಲಿ ಹಾಕಿರಿ. ಅಜ್ಜಿಗೆ ಹಿಂದಿ ತಿಳಿಯದಿದ್ದರೆ ಮೊಮ್ಮಗಳು ಪಕ್ಕದಲ್ಲಿ ಕುಳಿತು ಅರ್ಥ ಹೇಳಲಿ. ಅರ್ಧ ಗಂಟೆಯ ಕಂತು ಮುಗಿದ ಮೇಲೆ ಪರದೆಯನ್ನು ಆರಿಸಿ, ಮಾತಿಗೆ ಕುಳಿತುಕೊಳ್ಳಿರಿ.